ಮೇಣ ಕಾಯಲು ಒಬ್ಬರು ಬೇಕು

ಬೆಂಕಿ ಆರಿಸುವವನನ್ನು ಕಟ್ಟಿಕೊಂಡು ಮೇಣದಬತ್ತಿ ಮಾಡಲು ಹೊರಟ ಹೆಂಗಸಿನ ಪಾಡು ಏನು ಕೇಳುತ್ತೀರಿ! ಬತ್ತಿಯಕ್ಕನ ಮನೆಯಲ್ಲಿ ಊಟಕ್ಕೆ ಕೂತರೂ ಬೆಂಕಿಯದೇ ಮಾತು. ಗಂಡ ಬೀದಿಯ ತುದಿಯಲ್ಲಿದ್ದ ಅಗ್ನಿಶಾಮಕ ಠಾಣೆಯಲ್ಲಿ ಕೆಲಸಕ್ಕಿದ್ದ. ಅಕ್ಕನ ಗಂಡನಾದ ಮೇಲೆ ಭಾವ ತಾನೇ? ಬೀದಿಗೆಲ್ಲ ಅವನು ಫೈರ್‌ಭಾವ. ಶಾಲೆ, ಕಚೇರಿ ಅಂತ ಹೋಗಿ ಬೆಂಕಿಯ ಬಗ್ಗೆ ಭಾಷಣ ಮಾಡುವುದೂ ಅವನ ಕೆಲಸವಾಗಿತ್ತು. ಆ ಭಾಷಣವನ್ನು ಮೊದಲು ಹೆಂಡತಿಯ ಮುಂದೆ ಒಪ್ಪಿಸಿ ನೋಡುವುದು ಅವನ ಚಾಳಿ. ಅನ್ನ ಕಲಸುವಾಗ, ಬಟ್ಟೆ ಮಡಿಚುವಾಗ, ಕೊನೆಗೆ ಅವಳು ಹಲ್ಲುಜ್ಜುವಾಗಲೂ ಬಿಡುತ್ತಿರಲಿಲ್ಲ. ಹೀಗಾಗಿ ಬೆಂಕಿಯ ಪಾಠವೆಲ್ಲ ಅವಳಿಗೆ ಬಾಯಿಪಾಠ.

ಆ ಪಾಠ ದಂಡವಾಗಲಿಲ್ಲ ಅನ್ನಿ. ಮೇಣವನ್ನು ನೇರವಾಗಿ ಉರಿಯ ಮೇಲಿಟ್ಟು ಕರಗಿಸುವ ಹುಂಬತನ ಬತ್ತಿಯಕ್ಕ ಒಂದು ದಿನವೂ ಮಾಡಿದವಳಲ್ಲ. ಅಗಲವಾದ ಪಾತ್ರೆಯಲ್ಲಿ ನೀರು, ನೀರಿನೊಳಗೊಂದು ಕಬ್ಬಿಣದ ಬಳೆ, ಬಳೆಯ ಮೇಲೆ ಮೇಣ ತುಂಬಿದ, ಹೊಯ್ಯಲು ಮೂತಿಯಿರುವ ಡಬ್ಬಿ. ಉರಿ ಸಣ್ಣ. ನೀರಿನ ಬಿಸಿಗೆ ಮೇಣ ತನ್ನ ಪಾಡಿಗೆ ತಾನು ಕರಗಬೇಕು. ಶಾಖ ನೋಡುವ ಕಡ್ಡಿ ಡಬ್ಬಿಯಲ್ಲಿ ಮುಳುಗಿರಬೇಕು. ಒಲೆಯ ಪಕ್ಕದಲ್ಲೇ ಡಬ್ಬಿ ಮುಚ್ಚುವಷ್ಟು ದೊಡ್ಡ ತಟ್ಟೆ. ಸೆರಗಾಗಲಿ ಶಾಲಾಗಲಿ ಜೋತಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒಲೆಯ ಮೇಲೆ ಮೇಣ ಇರುವಾಗ ಅದರ ಮುಂದೆ ಒಬ್ಬರು ಇರಲೇಬೇಕು. ಬಾಗಿಲು ಬಡಿದರೂ ಸರಿ, ಫೋನು ಹೊಡೆದುಕೊಂಡರೂ ಸರಿ.

ಅವಳ ಬತ್ತಿಗಳಿಗೆ ಬೀದಿಯಲ್ಲಿ ಒಳ್ಳೆಯ ಹೆಸರು. ನಮಗೂ ಕಲಿಸಕ್ಕಾ ಎಂದು ಹೆಂಗಸರು ದುಂಬಾಲು ಬಿದ್ದಿದ್ದರು. ಕಲಿಸುವುದೆಲ್ಲಿ? ಅವಳ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವಳು ಪಾತ್ರೆ ತೊಳೆಯುವ ತೊಟ್ಟಿಯಲ್ಲೇ ನಿಲ್ಲಬೇಕು. ಠಾಣೆಯ ಹಿಂದೆ, ಹಳೆಯ ಏಣಿಗಳನ್ನು ಇಡುತ್ತಿದ್ದ ದೊಡ್ಡ ಕೋಣೆಯೊಂದು ಖಾಲಿ ಬಿದ್ದಿತ್ತು. ಕಲ್ಲಿನ ಗೋಡೆ, ಸಿಮೆಂಟಿನ ನೆಲ, ಎತ್ತರದ ಕಿಟಕಿಗಳು, ಪಕ್ಕದಲ್ಲೇ ಬೆಂಕಿ ಆರಿಸುವವರ ದಂಡು. ಮೇಣದಬತ್ತಿ ಕಲಿಸಲು ಇದಕ್ಕಿಂತ ಬೇರೆ ಜಾಗ ಬೇಕೇ? ಕನಸಿನಲ್ಲೂ ಬತ್ತಿಯಕ್ಕನಿಗೆ ಅದೇ ಕೋಣೆ. ಅದರ ಕೀಲಿ ಮಾತ್ರ ಠಾಣೆಯ ಸಾಹೇಬರ ಸೊಂಟದಲ್ಲಿತ್ತು.

ಸಾಹೇಬರ ಬಾಯಲ್ಲಿ ‘ಬೇಡ’ ಎಂಬ ಮಾತು ಸದಾ ತಯಾರಾಗಿ ಕೂತಿರುತ್ತಿತ್ತು. ಠಾಣೆಯಲ್ಲಿ ಬೀಡಿ ಬೇಡ, ಹುಟ್ಟುಹಬ್ಬದ ಕೇಕಿನ ಮೇಲೆ ಬತ್ತಿ ಬೇಡ, ಕರೆಂಟಿನ ಗಂಟೆ ಬೇಡ. “ಕರೆಂಟು ಹೋದ ದಿನ ನಿಮ್ಮಪ್ಪ ಬಂದು ಹೊಡೀತಾನೇನಯ್ಯಾ?” ಎಂದು ಕೇಳಿ, ಹಳೆಯ ಹಿತ್ತಾಳೆಯ ಗಂಟೆಯನ್ನೇ ಗೇಟಿನ ಬಳಿ ತೂಗುಹಾಕಿಸಿದ್ದರು. ಆ ಗಂಟೆ ಬಾರಿಸಿದರೆ ರಜೆಯಲ್ಲಿರುವವನೂ ಓಡಿ ಬರಬೇಕು. ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಬರಬೇಕು. ಸಾಹೇಬರೂ ಓಡುತ್ತಿದ್ದರು, ಎಲ್ಲರಿಗಿಂತ ಮುಂದೆ. ಅಂಥವರು ಈಗ ನಿವೃತ್ತರಾಗುವವರಿದ್ದರು.

ಬತ್ತಿಯಕ್ಕ ಗಟ್ಟಿ ಮನಸ್ಸು ಮಾಡಿ ಹೋಗಿ ಕೇಳಿದ್ದಳು. ಸಾಹೇಬರು ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ನೋಡಮ್ಮಾ, ನನ್ನ ಬೀಳ್ಕೊಡುಗೆಗೆ ಒಂದು ದೊಡ್ಡ ಮೇಣದಬತ್ತಿ ಮಾಡ್ಕೊಂಡು ಬಾ. ನಿನ್ನ ಅಡುಗೆಮನೇಲೇ ಮಾಡು. ಏನೂ ಅನಾಹುತ ಆಗದೆ ಬಂದ್ರೆ ಹೋಗೋ ಮುಂಚೆ ಕೀಲಿ ನಿನ್ನ ಕೈಗೆ ಕೊಟ್ಟು ಹೋಗ್ತೀನಿ. ಆಗಿಲ್ವೋ, ಆ ಮಾತೇ ಮರೆತುಬಿಡು” ಎಂದಿದ್ದರು.

“ಆಮೇಲೆ ಏನ್ ಮಾಡ್ತೀರಿ ಸಾಹೇಬ್ರೇ, ಮನೇಲಿ?” ಎಂದು ಅವಳು ಸುಮ್ಮನೆ ಉಪಚಾರಕ್ಕೆ ಕೇಳಿದಳು.

“ಮಲಗ್ತೀನಿ” ಎಂದರು ಸಾಹೇಬರು. ಆದರೆ ಗೇಟಿನ ಗಂಟೆಯ ಕಡೆ ನೋಡುತ್ತಾ ಅಂದ ಆ ಮಾತನ್ನು ಅವಳು ನಂಬಲಿಲ್ಲ.

ಬೀಳ್ಕೊಡುಗೆಯ ಹಿಂದಿನ ದಿನ ಫೈರ್‌ಭಾವನಿಗೆ ರಜೆ. ಬೆಳಗ್ಗೆಯೇ ಬತ್ತಿಯಕ್ಕ ಮೇಣ ಕರಗಿಸಿ ಅಚ್ಚಿಗೆ ಹೊಯ್ದಿದ್ದಳು. ಮೊಣಕೈ ಉದ್ದದ ದಪ್ಪ ಬತ್ತಿ, ಹಾಲಿನಂಥ ಬಿಳುಪು. ಇಷ್ಟು ದಪ್ಪದ್ದು ಆರುತ್ತಾ ಬಂದ ಹಾಗೆ ಮೇಲ್ಭಾಗ ಒಳಗಿನ ನೂಲಿನ ಸುತ್ತ ಕುಸಿದು ಗುಂಡಿ ಬೀಳುತ್ತದೆ. ಅದಕ್ಕೇ ಸ್ವಲ್ಪ ಮೇಣ ಎತ್ತಿಟ್ಟುಕೊಂಡು, ಮತ್ತೆ ಕರಗಿಸಿ, ಆ ಗುಂಡಿ ತುಂಬಬೇಕು. ಮಧ್ಯಾಹ್ನದ ಹೊತ್ತಿಗೆ ಉಳಿದ ಮೇಣವನ್ನೆಲ್ಲ ಡಬ್ಬಿಗೆ ಹಾಕಿ ನೀರಿನ ಪಾತ್ರೆಯಲ್ಲಿಟ್ಟಳು. ಆಗ ನೆನಪಾಯಿತು ನೋಡಿ, ಬತ್ತಿ ಇಟ್ಟು ಕೊಡಲು ಒಂದು ಒಳ್ಳೆಯ ಡಬ್ಬವೇ ಮನೆಯಲ್ಲಿಲ್ಲ! ಕಾಗದದಂಗಡಿ ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಮರುದಿನವೇ.

“ರೀ, ಸ್ವಲ್ಪ ಇಲ್ಲಿ ನಿಂತ್ಕೊಳ್ಳಿ. ಅಂಗಡಿಗೆ ಹೋಗಿ ಬಂದ್ಬಿಡ್ತೀನಿ.”

“ಹೋಗು ಹೋಗು.”

“ಕೆಳಗಿನ ನೀರು ಕಮ್ಮಿ ಆದ್ರೆ ಬಿಸಿನೀರು ಹಾಕಿ. ಮೇಣಕ್ಕೆ ಒಂದು ಹನಿಯೂ ಬೀಳಬಾರದು. ಉರಿ ಜೋರು ಮಾಡ್ಬೇಡಿ.”

“ಏನೇ ಇದು, ನನಗೇ ಪಾಠನಾ? ಈ ಪಾಠ ನಿನಗೆ ಹೇಳಿಕೊಟ್ಟೋನು ಯಾರು?”

“ಹೇಳಿಕೊಟ್ಟೋರು ನೀವೇ. ಕೇಳಿಸ್ಕೊಂಡೋಳು ನಾನು. ಅದಕ್ಕೇ ಹೇಳ್ತಿದೀನಿ.”

ಫೈರ್‌ಭಾವ ಎದೆ ಸೆಟೆಸಿ ಒಲೆಯ ಮುಂದೆ ಕೈಕಟ್ಟಿ ನಿಂತ. ಬೆಂಕಿಯ ಇಲಾಖೆಯವನನ್ನೇ ಕಾವಲಿಗೆ ಇಟ್ಟ ಮೇಲೆ ಇನ್ನೇನು ಚಿಂತೆ ಎಂದು ಬತ್ತಿಯಕ್ಕ ಹಳದಿ ಶಾಲು ಹೊದ್ದು ಚೀಲ ಹಿಡಿದು ಹೊರಟಳು.

ಅಂಗಡಿಯವನು ಒಬ್ಬ ಮಾತಿನಮಲ್ಲ. ನೀಲಿ ಡಬ್ಬ ತೆಗೆದ, ಕೆಂಪು ಡಬ್ಬ ತೆಗೆದ, ಏಣಿ ಹತ್ತಿ ಅಟ್ಟದಿಂದ ಉದ್ದದ ಡಬ್ಬ ಹುಡುಕಿ ತೆಗೆದ, ನಡುವೆ ತನ್ನ ಹೆಂಡತಿಯ ಮಂಡಿನೋವಿನ ಕಥೆಯನ್ನೂ ಪೂರ್ತಿ ಹೇಳಿದ. ಡಬ್ಬ ಆರಿಸುವಾಗ ದೂರದಲ್ಲಿ ಠಾಣೆಯ ಗಂಟೆ ಹೊಡೆದದ್ದು ಬತ್ತಿಯಕ್ಕನಿಗೆ ಕೇಳಿಸಿತ್ತು. ಪಾಪ, ಯಾರ ಮನೆಯೋ ಎಂದುಕೊಂಡು ಉದ್ದದ ನೀಲಿ ಡಬ್ಬವನ್ನೇ ಕಟ್ಟಿಸಿಕೊಂಡಳು.

ವಾಪಸು ಬರುವಾಗ ಠಾಣೆಯ ಗೇಟಿನ ಮುಂದೆಯೇ ದಾರಿ. ಒಳಗೆ ನಗು, ಗಲಾಟೆ. ಬೆಂಕಿ ಬಿದ್ದ ಕಡೆಗೆ ಹೋಗಬೇಕಾದ ಗಾಡಿ ನಿಂತಲ್ಲೇ ನಿಂತಿದೆ. ನಾಳೆಯ ಸಮಾರಂಭಕ್ಕೆ ಹಿತ್ತಾಳೆಯ ಗಂಟೆಯನ್ನು ತಿಕ್ಕಿ ಫಳಫಳ ಮಾಡುತ್ತಿದ್ದಾರೆ. ತಿಕ್ಕಿದವನೊಬ್ಬ ಹೊಳಪು ನೋಡಿ ಖುಷಿಗೆ ನಾಲಗೆ ಎಳೆದು ಬಾರಿಸಿಬಿಟ್ಟಿದ್ದನಂತೆ, ಅಷ್ಟೇ. ಸಾಹೇಬರು ಸೊಂಟದ ಮೇಲೆ ಕೈಯಿಟ್ಟು, ಅವನಿಗೆ ಬೈಯುವ ನೆಪದಲ್ಲಿ ನಗುತ್ತಾ ನಿಂತಿದ್ದಾರೆ. ಗಂಟೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಮನೆಯ ಚಪ್ಪಲಿ ಹಾಕಿಕೊಂಡು, ಬಟ್ಟೆಯಿಂದ ಹಿತ್ತಾಳೆ ತಿಕ್ಕುತ್ತಾ ಹಲ್ಲು ಕಿರಿಯುತ್ತಿರುವವನು ಯಾರು?

ಫೈರ್‌ಭಾವನೇ! ಇವರು ಇಲ್ಲಿದ್ದರೆ, ಮೇಣದ ಹತ್ತಿರ ಯಾರಿದ್ದಾರೆ?

ಗಂಟೆ ಕೇಳಿದ ಕೂಡಲೇ ಅವನ ಕಾಲು ಓಡಿತ್ತು. ತಲೆ ಮನೆಯಲ್ಲೇ ಉಳಿದಿತ್ತು. ಬೆಂಕಿ ಆರಿಸಲು ಓಡುವ ಭರದಲ್ಲಿ ಉರಿಯುವ ಒಲೆಯನ್ನೇ ಬಿಟ್ಟು ಬಂದಿದ್ದ ಮಹಾನುಭಾವ! ಕೂಗಬೇಕೆಂದು ಅವಳು ಬಾಯಿ ತೆರೆದಳು. ಸಾಹೇಬರ ಬೆನ್ನು ಕಾಣಿಸಿತು. ಬೆಲ್ಟಿನಲ್ಲಿ ಜೋತುಬಿದ್ದ ಕೀಲಿ ಕಾಣಿಸಿತು. ತೆರೆದ ಬಾಯಿ ಮುಚ್ಚಿಕೊಂಡು, ಬಿದ್ದೆನೋ ಎದ್ದೆನೋ ಎಂದು ಮನೆಯ ಕಡೆ ಓಡಿದಳು.

ಮೆಟ್ಟಿಲಲ್ಲೇ ಸುಟ್ಟ ವಾಸನೆ. ಅಡುಗೆಮನೆಯ ಬಾಗಿಲಲ್ಲಿ ಹೊಗೆ. ಬೇಗ ಮುಗಿಯಲಿ ಎಂದು ಆ ಪುಣ್ಯಾತ್ಮ ಉರಿಯನ್ನೂ ಜೋರು ಮಾಡಿದ್ದ. ಕೆಳಗಿನ ಪಾತ್ರೆಯ ನೀರೆಲ್ಲ ಆವಿಯಾಗಿ ಹೋಗಿ ತಳ ಕಪ್ಪಾಗಿತ್ತು. ಅವಳು ನೋಡುತ್ತಿದ್ದಂತೆಯೇ ಡಬ್ಬಿಯ ಬಾಯಲ್ಲಿ ಭುಗ್ಗೆಂದು ಬೆಂಕಿ ಎದ್ದಿತು.

ಕೈ ತಾನಾಗಿ ನೀರಿನ ಬಿಂದಿಗೆಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ‘ಉರಿಯುವ ಮೇಣ, ಉರಿಯುವ ಎಣ್ಣೆ, ಎರಡಕ್ಕೂ ನೀರು ಹಾಕಬಾರದು, ಹಾಕಿದರೆ ಸಿಡಿದು ಸೂರಿಗೇ ಬೆಂಕಿ!’ ಅವಳು ಹಲ್ಲುಜ್ಜುವಾಗ ಕೇಳಿದ್ದ ಭಾಷಣ. ಶಾಲು ಕಿತ್ತೆಸೆದಳು. ಒಲೆಯ ತಿರುಪು ತಿರುಗಿಸಿ ಆರಿಸಿದಳು. ದಪ್ಪ ಕೈಗವಸು ತೊಟ್ಟು, ತಟ್ಟೆಯನ್ನು ಪಕ್ಕದಿಂದ ಜಾರಿಸುತ್ತಾ ತಂದು ಡಬ್ಬಿಯ ಬಾಯಿ ಮುಚ್ಚಿದಳು. ಡಬ್ಬಿಯನ್ನು ಎತ್ತಲಿಲ್ಲ, ಅಲುಗಿಸಲಿಲ್ಲ, ಆರಿತೇ ಎಂದು ಇಣುಕಿ ನೋಡಲಿಲ್ಲ. ಬಾಗಿಲ ಬಳಿ ಹಿಂದೆ ಸರಿದು ನಿಂತು, “ಆರು ತಾಯೀ, ಆರಮ್ಮಾ” ಎಂದು ಬೇಡಿಕೊಂಡಳು. ತಟ್ಟೆಯ ಅಂಚಿನ ಹೊಗೆ ತೆಳುವಾಯಿತು. ಆಮೇಲೆ ನಿಂತೇಹೋಯಿತು.

ಸದ್ಯ, ಯಾರಿಗೂ ಗೊತ್ತಾಗಲಿಲ್ಲ ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಬೀದಿಯಲ್ಲಿ ಗಂಟೆ ಕೇಳಿಸಿತು. ಗಾಡಿಯ ಗಂಟೆ. ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಅವಳ ಮನೆಯ ಮುಂದೆಯೇ ನಿಂತಿತು.

ಎದುರುಮನೆಯ ಮಾಳಿಗೆಯಲ್ಲಿ ದುರ್ಬೀನಜ್ಜಿ ಇದ್ದಾಳಲ್ಲ, ಅವಳನ್ನು ಮರೆತರೆ ಹೇಗೆ! ಮೊಮ್ಮಗಳು ಹಕ್ಕಿ ನೋಡಲೆಂದು ತಂದುಕೊಟ್ಟ ದುರ್ಬೀನಿನಲ್ಲಿ ಆ ಅಜ್ಜಿ ಇದುವರೆಗೆ ಒಂದು ಗುಬ್ಬಿಯನ್ನೂ ನೋಡಿರಲಿಲ್ಲ. ಬೀದಿಯವರ ಅಡುಗೆಮನೆಗಳನ್ನೆಲ್ಲ ನೋಡಿದ್ದಳು. ಹೊಗೆ ಕಂಡದ್ದೇ ಠಾಣೆಗೆ ಫೋನು ಮಾಡಿದ್ದಳು.

ಮೆಟ್ಟಿಲ ಮೇಲೆ ಬೂಟುಗಳು ದಡದಡ ಎಂದವು. ಎಲ್ಲರಿಗಿಂತ ಮುಂದೆ ಸಾಹೇಬರು. ಅವರ ಹಿಂದೆ ಒಂದು ಬೂಟು, ಒಂದು ಚಪ್ಪಲಿ, ತಲೆಯ ಮೇಲೆ ಟೊಪ್ಪಿಗೆ, ಕೈಯಲ್ಲಿ ಪೈಪು. ತನ್ನ ಮನೆಯ ವಿಳಾಸವನ್ನು ಗಾಡಿಯಲ್ಲಿ ನೇತಾಡುತ್ತಾ ಕೇಳಿಸಿಕೊಂಡ ಫೈರ್‌ಭಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ಹೆಂಡತಿ ನೆಟ್ಟಗೆ ನಿಂತಿರುವುದನ್ನು ನೋಡಿ ಅವನ ಕೈಯಿಂದ ಪೈಪು ಕೆಳಗೆ ಬಿತ್ತು.

ಸಾಹೇಬರು ಒಲೆ ನೋಡಿದರು, ತಿರುಪು ನೋಡಿದರು, ತಟ್ಟೆಯ ಮೇಲೆ ಕೈ ಹಿಡಿದು ಬಿಸಿ ನೋಡಿದರು. ನೆಲ ನೋಡಿದರು. ಒಂದು ಹನಿ ನೀರೂ ಚೆಲ್ಲಿರಲಿಲ್ಲ.

“ಒಲೆ ಬಿಟ್ಟು ಹೋದೋರು ಯಾರು?”

ಬತ್ತಿಯಕ್ಕ ಗಂಡನ ಮುಖ ನೋಡಿದಳು. ಅವನ ಇಡೀ ತಂಡ ಬಾಗಿಲಲ್ಲಿ ನಿಂತಿತ್ತು. ಕೋಣೆ ಹೇಗೂ ಹೋಯಿತು, ಇವರ ಮಾನವಾದರೂ ಉಳಿಯಲಿ ಎನ್ನಿಸಿತು. “ನಾನೇ ಸಾಹೇಬ್ರೇ” ಎಂದಳು.

ಫೈರ್‌ಭಾವ ತಲೆಯ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ. “ಸುಳ್ಳು ಸಾರ್. ಅವಳು ನನಗೆ ಹೇಳಿ ಹೋಗಿದ್ಲು. ಗಂಟೆ ಕೇಳಿಸ್ತು, ನಾನು ಓಡಿಬಂದೆ. ಉರಿ ಜೋರು ಮಾಡಿದ್ದೂ ನಾನೇ. ಅವಳದ್ದೇನೂ ತಪ್ಪಿಲ್ಲ.”

“ಹೌದು ಸಾಹೇಬ್ರೇ!” ಎಂದು ಎದುರು ಮಾಳಿಗೆಯಿಂದ ದುರ್ಬೀನಜ್ಜಿ ಕೂಗಿದಳು. “ಅವನೇ! ಒಂದೇ ಬೂಟು ಹಾಕ್ಕೊಂಡು ಓಡಿದ, ನಾನು ಕಣ್ಣಾರೆ ನೋಡಿದೀನಿ! ಅವಳು ಶಾಲು ಬಿಸಾಕಿ ತಟ್ಟೆ ಮುಚ್ಚಿದ್ಲು!”

ಬಾಗಿಲಲ್ಲಿದ್ದವರಿಗೆ ನಗು ತಡೆಯಲಾಗಲಿಲ್ಲ. ಸಾಹೇಬರು ತಿರುಗಿ ನೋಡಿದರು, ನಗು ಗಪ್‌ಚಿಪ್.

“ನೋಡಮ್ಮಾ” ಎಂದರು ಅವರು. “ಒಲೆ ಆರಿಸಿದ್ದು ಸರಿ. ಮುಚ್ಚಿದ್ದು ಸರಿ. ನೀರು ಹಾಕದೇ ಇದ್ದದ್ದಂತೂ ನೂರಕ್ಕೆ ನೂರು ಸರಿ. ನಮ್ಮ ಹುಡುಗರಿಗೂ ಗಾಬರೀಲಿ ಇಷ್ಟು ನೆನಪಾಗಲ್ಲ. ಆದ್ರೆ ನಾನು ತಿರುಗೋ ಹೊತ್ತಿಗೆ ಹಳದಿ ಶಾಲೊಂದು ಗೇಟಿನ ಮುಂದೆ ಹಾರಿಹೋಗಿದ್ದು ಕಾಣಿಸ್ತು. ಇಡೀ ಠಾಣೆ ಅಲ್ಲೇ ಇತ್ತಲ್ಲ. ಯಾಕೆ ಕೂಗ್ಲಿಲ್ಲ?”

ಬತ್ತಿಯಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. “ನೀವಿದ್ರಿ ಸಾಹೇಬ್ರೇ. ಕೂಗಿದ್ರೆ ಕೀಲಿ ಸಿಗಲ್ಲ ಅಂತ ಹೆದರಿಕೆ ಆಯ್ತು.”

“ಕೆಳಗಿನ ಮನೇಲಿ ಜನ ಇದ್ರು. ಮೇಲಿನ ಮನೇಲೂ ಇದ್ರು.” ಸಾಹೇಬರ ದನಿ ಏರಲಿಲ್ಲ, ಅದೇ ಅವಳಿಗೆ ಹೆಚ್ಚು ನಾಟಿತು. “ಬೆಂಕಿ ಬಿದ್ದಾಗ ಮರ್ಯಾದೆ ನೋಡಬಾರದು ತಾಯೀ. ಮುಚ್ಚಬೇಕಾದ್ದು ಡಬ್ಬಿ, ಬಾಯಲ್ಲ.” ಕೀಲಿಯ ಮಾತೇ ಎತ್ತದೆ ಇಳಿದು ಹೋದರು.

ಗಂಡ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂತರು. “ನನ್ನ ಕಾಲು ಮುರಿಯ” ಎಂದ ಫೈರ್‌ಭಾವ. “ಮುರಿದ್ರೆ ನೋಡ್ಕೊಳ್ಳೋಳು ನಾನೇ, ಸುಮ್ನಿರಿ” ಎಂದು ಬತ್ತಿಯಕ್ಕ ಅತ್ತುಬಿಟ್ಟಳು. ಅಳುತ್ತಾ ಅವನ ಕಾಲಿನ ಚಪ್ಪಲಿ ಬೂಟುಗಳ ಜೋಡಿ ಕಣ್ಣಿಗೆ ಬಿದ್ದು, ಅಳುವಿನ ನಡುವೆಯೇ ನಗು ಬಂತು. ಅವನೂ ನಕ್ಕ. ಆಮೇಲೆ ಇಬ್ಬರೂ ಸೇರಿ ಪಾತ್ರೆಯ ತಳದ ಕರಿ ಉಜ್ಜಿದರು. ಡಬ್ಬಿಯ ಮೇಣ ಕಂದಿ ಕಮಟು ವಾಸನೆ ಹೊಡೆಯುತ್ತಿತ್ತು, ಯಾವುದಕ್ಕೂ ಬಾರದು. ಮನೆಯಲ್ಲಿ ಬೇರೆ ಮೇಣವೂ ಇರಲಿಲ್ಲ.

ಮರುದಿನ ಠಾಣೆಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಹೂವಿನ ಹಾರ, ಭಾಷಣ, ಚಪ್ಪಾಳೆ ಎಲ್ಲ ಆಯಿತು. ಬತ್ತಿಯಕ್ಕ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳು. ಕೊನೆಗೆ ಒಪ್ಪಿಕೊಂಡ ಕೆಲಸ ಒಪ್ಪಿಸಿಬಿಡೋಣ ಎಂದು ನೀಲಿ ಡಬ್ಬ ಹಿಡಿದು ಹೋದಳು. ಸಾಹೇಬರು ಡಬ್ಬ ಬಿಚ್ಚಿ ಬತ್ತಿಯನ್ನು ಎತ್ತಿ ಹಿಡಿದರು. ಸುತ್ತಲೂ ನುಣುಪು, ತಲೆಯಲ್ಲಿ ಮಾತ್ರ ಬೆರಳು ಇಳಿಯುವಷ್ಟು ಗುಂಡಿ.

“ಇದೇನಮ್ಮಾ, ಗುಂಡಿ?”

“ತುಂಬೋಕಿಟ್ಟಿದ್ದ ಮೇಣ ನಿನ್ನೆ ಸುಟ್ಟುಹೋಯ್ತಲ್ಲ ಸಾಹೇಬ್ರೇ. ಹೂವಿಟ್ಟು ಮುಚ್ಚಿ ಕೊಡು ಅಂದ್ರು ಇವರು. ನಾನು ಬೇಡ ಅಂದೆ. ಮುಚ್ಚಿಡೋದು ನಿನ್ನೆಗೇ ಸಾಕಾಯ್ತು.”

ಸಾಹೇಬರು ಗುಂಡಿಯಲ್ಲಿ ಬೆರಳಿಟ್ಟು ನೋಡಿದರು. ಬತ್ತಿ ಹಚ್ಚಿ ಸಾರ್ ಎಂದು ಹುಡುಗರು ಕೂಗಿದರು. ಅವರು ಮೊದಲು ಮರಳಿನ ಬಕೆಟು ತರಿಸಿ ಪಕ್ಕಕ್ಕಿಟ್ಟುಕೊಂಡರು. ಆಮೇಲೆ, ತಮ್ಮ ಇಡೀ ನೌಕರಿಯಲ್ಲಿ ಮೊದಲ ಸಲ, ಠಾಣೆಯೊಳಗೆ ಕಡ್ಡಿ ಗೀರಿದರು. ಬತ್ತಿ ಅಲುಗದೆ ಉರಿಯಿತು. ಆರಿಸುವುದನ್ನೇ ಕಸುಬು ಮಾಡಿಕೊಂಡಿದ್ದವರು ಒಂದು ಪುಟ್ಟ ಉರಿಯನ್ನು ಹಾಗೇ ಬಿಟ್ಟು ನೋಡುತ್ತಾ ನಿಂತುಬಿಟ್ಟರು.

“ಕೀಲಿ ಕೊಡ್ತೀನಿ” ಎಂದರು. ಬತ್ತಿಯಕ್ಕನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. “ಆದ್ರೆ ಒಂದು ಕರಾರು. ನೀನು ಕಲಿಸ್ತಾ ಇರ್ತೀಯ, ಅವರು ಕಲೀತಾ ಇರ್ತಾರೆ. ಒಲೆ ನೋಡೋಕೆ ಅಂತಲೇ ಒಬ್ಬರು ಬೇಕು. ಬೇರೆ ಯಾವ ಕೆಲಸವೂ ಇರಬಾರದು ಅವರಿಗೆ.”

“ಅಂಥೋರು ಎಲ್ಲಿ ಸಿಗ್ತಾರೆ ಸಾಹೇಬ್ರೇ? ಎಲ್ಲರಿಗೂ ಅವರವರ ಕೆಲಸ. ಇವರನ್ನಂತೂ ನಿಲ್ಲಿಸೋಕಾಗಲ್ಲ, ಗಂಟೆ ಹೊಡೆದ್ರೆ ಓಡ್ತಾರೆ.”

“ನಾಳೆಯಿಂದ ಒಬ್ಬ ಇದ್ದಾನೆ. ಗಂಟೆ ಹೊಡೆದ್ರೂ ಓಡೋ ಹಾಗಿಲ್ಲ ಅವನು.” ಸಾಹೇಬರು ಕೀಲಿಯನ್ನು ಅವಳ ಕೈಗಿಟ್ಟರು. ನಗುತ್ತಲೇ ಅಂದರು, ಆದರೆ ಅವರ ಕಣ್ಣು ಗೇಟಿನ ಗಂಟೆಯ ಕಡೆಗಿತ್ತು.

ಏಣಿಯ ಕೋಣೆಯಲ್ಲಿ ಪಾಠ ಶುರುವಾಯಿತು. ಮೊದಲ ಪಾಠ ಮೇಣದ್ದಲ್ಲ, ಕೂಗುವುದು. “ಬೆಂಕಿ! ಬೆಂಕಿ!” ಎಂದು ಬೀದಿಯ ಹೆಂಗಸರೆಲ್ಲ ನಾಚಿಕೆ ಬಿಟ್ಟು ಅರಚಿದ ಅರಚಾಟಕ್ಕೆ ಠಾಣೆಯವರು ಬಕೆಟು ಹಿಡಿದು ಓಡಿಬಂದರು. ದುರ್ಬೀನಜ್ಜಿಯ ಕೂಗು ಎಲ್ಲರದಕ್ಕಿಂತ ಜೋರು, ಅವಳಿಗೆ ಮೊದಲ ಸ್ಥಾನ. ಸಾಹೇಬರು ಒಲೆಯ ಮುಂದೆ ಕುರ್ಚಿ ಹಾಕಿಕೊಂಡು, ಮಂಡಿಯ ಮೇಲೆ ತಟ್ಟೆ ಇಟ್ಟುಕೊಂಡು, ಮೇಣದ ಡಬ್ಬಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಕೂತಿದ್ದರು. ನಡುವೆ ಯಾರಾದರೂ ಹರಟೆಗೆ ಕರೆದರೆ “ಬೇಡ” ಎಂದುಬಿಡುತ್ತಿದ್ದರು.

ಬತ್ತಿಯಕ್ಕ ಅಚ್ಚಿನಲ್ಲಿ ಬತ್ತಿಯ ನೂಲನ್ನು ನೆಟ್ಟಗೆ ನಿಲ್ಲಿಸುವುದು ಹೇಗೆಂದು ತೋರಿಸುತ್ತಿದ್ದಾಗ ಹಿತ್ತಾಳೆಯ ಗಂಟೆ ಹೊಡೆಯಿತು. ಈ ಸಲ ನಿಜವಾದದ್ದು.

ಸಾಹೇಬರು ಎದ್ದೇಬಿಟ್ಟರು. ತಟ್ಟೆ ಕೈಯಲ್ಲಿತ್ತು, ಒಂದು ಹೆಜ್ಜೆ ಬಾಗಿಲ ಕಡೆ ಇಟ್ಟಾಗಿತ್ತು. ಬತ್ತಿಯಕ್ಕನಿಗೆ ಕೂತುಕೊಳ್ಳಿ ಎನ್ನಲು ಬಾಯಿ ಬರಲಿಲ್ಲ, ಹೋಗಿ ಎನ್ನಲೂ ಆಗಲಿಲ್ಲ. ಅವರು ಅಲ್ಲೇ ನಿಂತು ಕಿಟಕಿಯಾಚೆ ನೋಡಿದರು. ಫೈರ್‌ಭಾವ ಬೀದಿಯಲ್ಲಿ ಓಡಿ ಬರುತ್ತಿದ್ದ. ಹಾರಿ ಗಾಡಿ ಹತ್ತಿದ. ಗಾಡಿ ಗಂಟೆ ಬಾರಿಸುತ್ತಾ ಗೇಟು ದಾಟಿ ಹೋಯಿತು.

“ಎರಡೂ ಬೂಟು ಹಾಕ್ಕೊಂಡಿದ್ದಾನೆ” ಎಂದರು ಸಾಹೇಬರು.

ಕುರ್ಚಿಗೆ ವಾಪಸು ಬಂದು ಕೂತು, ತಟ್ಟೆಯನ್ನು ಮತ್ತೆ ಮಂಡಿಯ ಮೇಲಿಟ್ಟುಕೊಂಡು, ಒಲೆಯ ಕಡೆ ಬಗ್ಗಿದರು. “ಕೆಳಗಿನ ನೀರು ಕಮ್ಮಿಯಾಗಿದೆ, ಬಿಸಿನೀರು ತಗೊಂಡು ಬಾಮ್ಮಾ.”